ಎಡಗಡೆಯ ತೂಕ

ಆಳಂದದ ಫರಹೀನ ಪುಣೆಯ ರೇಸ್ ಗ್ಯಾರೇಜಿನಲ್ಲಿ ಕೆಲಸ ಕಲಿತು ಬಂದವಳು. ಗೆಳತಿ ಅಮೃತ ಕೊಂಡಿದ್ದ ಹಳೆಯ ಸೂಪರ್‌ಕಾರನ್ನು ಗಂಟೆಗಟ್ಟಲೆ ನಡೆಯುವ ರೇಸಿಗೆ ಅಣಿಗೊಳಿಸುವ ಹೊಣೆ ಅವಳದಾಗಿತ್ತು. ಕಾರು ಹಗುರಾಗಲೆಂದು ಎಡಗಡೆಯ ಪಕ್ಕದ ಸೀಟು, ನೆಲಹಾಸು, ಗಾಜು ಎಲ್ಲ ಬಿಚ್ಚಿ, ನಾಲ್ಕೂ ಚಕ್ರಗಳನ್ನು ತೂಕದ ಯಂತ್ರದ ಮೇಲೆ ನಿಲ್ಲಿಸಿದಳು. ಬಲಗಡೆಯ ತೂಕ ಇಳಿದಿತ್ತು. ಎಡಗಡೆಯದು ಇಳಿದಿರಲಿಲ್ಲ.

"ಯಂತ್ರ ಬದಲಿ ಮಾಡಿ ನೋಡಿದೆ ಬೇ, ಎಡಗಡಿ ಇಳೀವಲ್ದು," ಎಂದು ಅಮೃತಳಿಗೆ ಹೇಳಿದಳು. ಚಳಿಯ ದಿನವಾದರೂ, ಪಕ್ಕದ ಸೀಟಿದ್ದ ಜಾಗದ ತಗಡು ಯಾರೋ ಕುಳಿತಂತೆ ಬೆಚ್ಚಗಿತ್ತು.

ಹಾಗೆಯೇ ಬಿಟ್ಟರೆ ತಿರುವಿನಲ್ಲಿ ಕಾರು ಒಂದೇ ಕಡೆಗೆ ಎಳೆದು ಅಮೃತಳ ಜೀವಕ್ಕೇ ಕುತ್ತು. ಓಡಿಸಿ ನೋಡೋಣವೆಂದು ಮರುದಿನ ಮುಂಜಾನೆ ಅದನ್ನು ಲಾರಿಯಲ್ಲಿ ಹೇರಿಕೊಂಡು ಸೊನ್ನದ ಬ್ಯಾರೇಜಿನ ಕಡೆಯ ಖಾಲಿ ರಸ್ತೆಗೆ ಒಯ್ದರು.

ಅಮೃತ ಒಬ್ಬಳೇ ಓಡಿಸಿಕೊಂಡು ಹೋಗಿ ಬಂದಳು. ಹೆಲ್ಮೆಟ್ ತೆಗೆಯಲಿಲ್ಲ, ಸ್ಟೇರಿಂಗ್ ಬಿಡಲಿಲ್ಲ.

"ಭೀಮಾ ಹೊಳಿ ಕಂಡಾಗಿಂದ ಬಾಜೂಕ ಯಾರೋ ಉಸಿರು ಬಿಡಾಕತ್ತಾರ. ಫರಹೀನ, ಮೊದಲ ಆ ಕಡೆ ಬಾಗಿಲಾ ತಗಿ."

ಫರಹೀನ ಬಾಯೊಳಗೇ ಬಿಸ್ಮಿಲ್ಲಾ ಅನ್ನುತ್ತ ಬಾಗಿಲು ತೆರೆದಳು. ಯಾರೂ ಇಳಿದದ್ದು ಕಾಣಲಿಲ್ಲ. ಆದರೆ ಕಾರಿನ ಎಡಭಾಗ ಸ್ಪ್ರಿಂಗುಗಳ ಮೇಲೆ ಮೆಲ್ಲಗೆ ಎದ್ದಿತು. ಒದ್ದೆ ಗಾಳಿಯೊಂದು ಅವಳ ಮೊಳಕೈಗೆ ತಾಗಿ ಹೊಳೆಯ ಕಡೆ ಹೋಯಿತು.

"ಇಳದ್ರೇನ್?" ಅಮೃತ ಕೇಳಿದಳು. ಫರಹೀನ ಹೊಳೆಯ ಕಡೆ ನೋಡುತ್ತಲೇ ಬಾಗಿಲು ಮುಚ್ಚಿದಳು.

ಆಳಂದಕ್ಕೆ ಮರಳಿ ತೂಗಿದಾಗ ತೂಕ ಸರಿಯಾಗಿತ್ತು. ಮುಂದೆ ಆ ಕಾರು ರೇಸನ್ನೂ ಓಡಿ ಮುಗಿಸಿತು. ಆದರೆ ಉಳಿದೆಲ್ಲವನ್ನೂ ಬಿಚ್ಚಿಸಿದ ಅಮೃತ, ಎಡಬಾಗಿಲಿನ ಒಳಹಿಡಿಕೆಯನ್ನು ಮಾತ್ರ, ಕುಳಿತವರು ತಾವೇ ಇಳಿಯಲೆಂದು, ಇವತ್ತಿನವರೆಗೂ ತೆಗೆಯಗೊಟ್ಟಿಲ್ಲ.