ಉಸಿರು ನಿಂತ ಮೇಲಿನ ಕಾವು

೨೦೬೪. ಹೈಫಾ ನಗರದ ಆಸ್ಪತ್ರೆಯಲ್ಲಿ ಮೆನಾಶೆ ತೀರಿಕೊಂಡು ಬಹಳ ಹೊತ್ತಾಗಿತ್ತು. ಹೃದಯ ನಿಂತಿತ್ತು, ಉಸಿರು ನಿಂತಿತ್ತು. ಯಕೃತ್ತು ಮಾತ್ರ ಏನೂ ಆಗಿಲ್ಲವೆಂಬಂತೆ ಬೆಚ್ಚಗಿತ್ತು. ಹೊಟ್ಟೆಗೆ ಸುತ್ತಿದ್ದ ಹೊದಿಕೆಯೊಂದು, ರಕ್ತದ ಹರಿವು ನಿಂತ ಮೇಲೂ ಒಳಗಿನ ಜೀವಕೋಶಗಳಿಗೆ ಆಮ್ಲಜನಕ ಊಡುತ್ತಿತ್ತು. ಅದನ್ನು ಕಂಡುಹಿಡಿದ ಧಾರವಾಡದ ಇಂದುಮತಿ ಕಿತ್ತೂರ, ಮೊಟ್ಟೆಯ ಮೇಲೆ ಕೂತ ಕೋಳಿಯನ್ನು ನೆನೆದು ಅದಕ್ಕೆ ‘ಕಾವು’ ಎಂದು ಹೆಸರಿಟ್ಟಿದ್ದಳು.

ಮೊದಲೆಲ್ಲ ಹೀಗೆ ಕಾಯುವಂತಿರಲಿಲ್ಲ. ಮಿದುಳು ಸತ್ತು, ಯಂತ್ರದ ಉಸಿರಿನಿಂದ ಹೃದಯ ಬಡಿಯುತ್ತಿರುವಾಗಲೇ ಅಂಗ ತೆಗೆಯಬೇಕಿತ್ತು. ಅದು ಸಾವು ಹೌದೋ ಅಲ್ಲವೋ ಎಂದು ಯೆಹೂದಿ ಧರ್ಮಶಾಸ್ತ್ರ ಬಲ್ಲ ರಬ್ಬಿಗಳಲ್ಲಿ ಎರಡು ಪಕ್ಷ. ತಾನಾಗಿ ಉಸಿರಾಡಲಾರದವನು ಸತ್ತಂತೆಯೇ ಎಂದು ರಬ್ಬಿ ಎಲ್ಯಾಕೀಮ್. ಹೃದಯ ಬಡಿಯುತ್ತಿದ್ದರೆ ಅದು ಕೊಲೆ ಎಂದು ಅವರ ಭಾವಮೈದುನ ರಬ್ಬಿ ಜೆರಾಹ್. ಇಬ್ಬರನ್ನೂ ಒಂದೇ ಹಬ್ಬದೂಟಕ್ಕೆ ಕರೆಯಲು ಬಂಧುಗಳು ಹೆದರುತ್ತಿದ್ದರು.

“ಹೀಬ್ರೂನಲ್ಲಿ ಉಸಿರು ನೆಶಿಮಾ, ಆತ್ಮ ನೆಶಾಮಾ. ಒಂದಕ್ಷರದ ಅಂತರ,” ಎಂದರು ಭಾವಮೈದುನನೊಡನೆ ಮೆನಾಶೆಯ ಹಾಸಿಗೆಯ ಬಳಿ ನಿಂತಿದ್ದ ಎಲ್ಯಾಕೀಮ್.

“ಆ ಒಂದಕ್ಷರಕ್ಕೇ ಅಲ್ವೇ ಭಾವ, ನಾವು ಕಿತ್ತಾಡಿದ್ದು!” ಎಂದರು ಜೆರಾಹ್.

“ನಮ್ಮಲ್ಲಿ ಅಷ್ಟೂ ಇಲ್ಲ. ಎರಡಕ್ಕೂ ಪ್ರಾಣ ಅಂದ್ರೆ ಸಾಕು,” ಎಂದಳು ಪಕ್ಕದಲ್ಲಿ ‘ಕಾವು’ ನೋಡಿಕೊಳ್ಳುತ್ತಿದ್ದ ಇಂದುಮತಿ.

ಈಗ ವಾದಕ್ಕೆ ಜಾಗವೇ ಇರಲಿಲ್ಲ. ಮೆನಾಶೆ ಇಬ್ಬರ ಲೆಕ್ಕದಲ್ಲೂ ಸತ್ತಿದ್ದ. ಪಕ್ಕದ ವಾರ್ಡಿನ ಶಿಕ್ಷಕಿಗೆ ಯಕೃತ್ತು ಸಿಗದಿದ್ದರೆ ಅವಳೂ ಉಳಿಯುವುದಿಲ್ಲ. ಜೀವ ಉಳಿಸುವುದೇ ದೊಡ್ಡ ಧರ್ಮ. ಇಬ್ಬರೂ ಒಟ್ಟಿಗೆ, ಒಪ್ಪಿಗೆ ಕೇಳಲು ಮೆನಾಶೆಯ ಮಗಳು ತಿರ್ಜಾಳತ್ತ ತಿರುಗಿದರು.

ತಿರ್ಜಾ ಬಿಳಿಚಿಕೊಂಡಳು. “ಇಷ್ಟು ವರ್ಷ ಬೇಡ ಅನ್ನೋದಕ್ಕೆ ನೀವಿದ್ರಿ,” ಎಂದು ಜೆರಾಹ್ ಮೇಲೆ ಹರಿಹಾಯ್ದಳು. “ಈಗ ನಾನೇ ಹೇಳ್ಬೇಕಾ?”

“ಅಪ್ಪನ ಇಷ್ಟ ಏನಿತ್ತಮ್ಮಾ?” ಎಂದರು ಜೆರಾಹ್.

“ಯಾರು ಕೇಳಿದ್ರು? ನಿಮ್ಮ ಜಗಳ ಮುಗೀಲಿ ಅಂತ ಕೂತಿದ್ವಿ. ಅಪ್ಪ ಅಂತೂ ಛತ್ರಿ ಕೂಡ ಯಾರಿಗೂ ಕೊಟ್ಟವನಲ್ಲ.” ಅತ್ತಳು, ಆಮೇಲೆ ಮೂಗೊರೆಸಿಕೊಂಡು ಸಣ್ಣಗೆ ನಕ್ಕಳು. “ಛತ್ರಿ ಅವನಿಗೆ ಬೇಕಿತ್ತು. ಇದನ್ನ ತಗೊಳ್ಳಿ.”

ಶಿಕ್ಷಕಿ ಬದುಕಿಕೊಂಡಳು. ಶವವನ್ನು ಬೇಗ ಮಣ್ಣು ಮಾಡಬೇಕೆಂಬ ವಿಧಿಯಿರುವಾಗ ‘ಕಾವು’ ಎಷ್ಟು ಹೊತ್ತು ತಡೆಯಬಹುದು ಎಂಬ ಹೊಸ ಜಗಳ ಸಿಕ್ಕಿ ರಬ್ಬಿಗಳೂ ಚೇತರಿಸಿಕೊಂಡರು.

ಇಂದುಮತಿ ಧಾರವಾಡದ ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ತನ್ನ ‘ಕಾವು’ ಸಾವಿನಾಚೆಗೂ ಸಮಯ ಕೊಡಬಲ್ಲದು. ಬದುಕಿದ್ದಾಗ ಕೇಳದೆ ಬಿಟ್ಟ ಪ್ರಶ್ನೆಯನ್ನು ಕೇಳಲಾರದು. ಅವಳು ತಟ್ಟೆಯ ಮುಂದೆ ಕೂತಳು.

“ಅವ್ವಾ, ನೀ ಹೋದ ಮ್ಯಾಲೆ ನಿನ್ನ ಅಂಗಾಂಗ ಯಾರಿಗರೆ ಕೊಡ್ಲೇನು?”

“ಉಣ್ಣೂ ಮುಂದ ಇದೇನ ಕೇಳ್ತೀಯವಾ!” ಅವ್ವ ರೊಟ್ಟಿ ತಿರುವಿ ಹಾಕಿದಳು. “ಬೇಕಾದ್ದು ಕೊಡು. ಮೊಣಕಾಲು ಮಾತ್ರ ಬ್ಯಾಡ. ಪಾಪ, ತಗೊಂಡವರು ಬೈತಾರ.”