ಮರೆಯುತ್ತ ಬಂದವನು

ಗೆಳೆಯರ ಜೊತೆ ಈಜಲು ಹೋದ ಅನಿಲಕುಮಾರ ಗೂಗಲ್‌ ಊರಿನ ಹೊಳೆಯಲ್ಲಿ ಮುಳುಗಿ ಸತ್ತು ನಲವತ್ತು ದಿನವಾಗಿತ್ತು. ಅವನ ಹೆಂಡತಿ ವಿಶಾಖಾ ಅದೇ ಹೊಳೆಯ ದಂಡೆಯಲ್ಲಿ ನಿಂತು ಅವನ ಹೆಸರು ಹಿಡಿದು ಕೂಗಿದಳು. ಮದುವೆಯಾದ ಮೂರು ವರ್ಷದಲ್ಲಿ ಒಮ್ಮೆಯೂ ಹಾಗೆ ಕೂಗಿದವಳಲ್ಲ.

ನೀರು ಸೀಳಿಕೊಂಡು ಅವನು ಎದ್ದು ಬಂದ. ಮಟಮಟ ಮಧ್ಯಾಹ್ನ. ಅಂಗಿಯಿಂದ ನೀರು ತೊಟ್ಟಿಕ್ಕುತ್ತಿತ್ತು.

"ಏನ್ ಮೇಡಂ, ಗಂಡನ ಹೆಸರು ಹಿಡದು ಕರಿಯಾಕತ್ತೀ? ನಾಚಿಕಿ ಬರಂಗಿಲ್ಲೇನು?"

ಅದೇ ಓರೆನೋಟ. ಒಂದು ಹುಬ್ಬು ಮಾತ್ರ ಏರುವ ಅದೇ ತುಂಟತನ. ಅವಳು ಓಡಿಹೋಗಿ ಕೈ ಹಿಡಿದಳು. ಬೊಗಸೆಯಲ್ಲಿ ತಣ್ಣನೆಯ ನೀರಷ್ಟೇ ಉಳಿಯಿತು. ಮುಟ್ಟುವಂತಿರಲಿಲ್ಲ. ಮಾತಾಡಬಹುದಿತ್ತು, ನೋಡಬಹುದಿತ್ತು. ಅವಳಿಗೆ ಅಷ್ಟೇ ಸಾಕಾಯಿತು.

ಮಾನ್ವಿಯ ಹೈಸ್ಕೂಲಿನಲ್ಲಿ ಅವಳು ವಿಜ್ಞಾನದ ಟೀಚರು. ಆರು ದಿನ ಹೇಗೋ ಪಾಠ ಮಾಡುವಳು. ಭಾನುವಾರ ಬೆಳಗಾದರೆ ಹೊಳೆಗೆ ಹೋಗಿ ಅವನನ್ನು ಕೂಗಲು ದೇವದುರ್ಗದ ಬಸ್ಸು ಹತ್ತುವಳು.

"ರಾಯಚೂರು ಬಸ್‌ಸ್ಟ್ಯಾಂಡಿನ್ಯಾಗ ಮಳಿ ಬಂತಂತ ನನ್ನ ಕೊಡಿ ಕಸಗೊಂಡು ಓಡಿದ್ಯಲ್ಲ," ಎಂದು ಎರಡನೇ ವಾರ ಅವನು ಛೇಡಿಸಿದ.

"ಸುಳ್ಳ! ನೀವ ಕೊಟ್ರಿ. ಆಮ್ಯಾಲೆ ಕೊಡಿ ಕೇಳೂ ನೆವಕ್ಕ ಆರು ಸಲ ಫೋನ್ ಮಾಡಿದ್ರಿ."

ಮೂರನೇ ವಾರ ಅವನಿಗೆ ತಾಯಿಯ ಹೆಸರು ನೆನಪಾಗಲಿಲ್ಲ. ಐದನೇ ವಾರ ಕೊಡೆಯ ಮಾತೆತ್ತಿದರೆ "ಯಾವ ಕೊಡಿ?" ಅಂದ.

ಹರಿಗೋಲು ಹಾಕುವ ಮುದುಕ ಉರುಕುಂದಪ್ಪ ಅಂದು ಅವಳನ್ನು ತಡೆದು ನಿಲ್ಲಿಸಿದ. ದೂರದ ಬಂಡೆಯ ಮೇಲೆ ಒದ್ದೆ ಸೀರೆಯ ಹೆಂಗಸೊಬ್ಬಳು ಕೂತಿದ್ದಳು.

"ಆಕಿ ಗದ್ದೆಮ್ಮ, ನನ್ನ ಹೆಂಡತಿ. ಹನ್ನೆರಡು ವರ್ಸದ ಹಿಂದ ಹೊಳ್ಯಾಗ ಮುಳುಗಿ ಹೋದ್ಲು. ನಾನೂ ನಿನ್ನಂಗ ಕರೀತಿದ್ದೆ ತಂಗೀ. ಬಂದಂಗೆಲ್ಲಾ ಒಂದೊಂದು ಮರತ್ಲು. ಕಡೀಕ ಹೊಳ್ಳಿ ನೀರಿಗೆ ಹೋಗೂ ದಾರೀನೂ ಮರತ್ಲು. ಈಗ ಆಕಿ ಇತ್ಲಾಗೂ ಇಲ್ಲ, ಅತ್ಲಾಗೂ ಇಲ್ಲ."

ಮುದುಕ ಕಣ್ಣೊರೆಸಿಕೊಂಡ. "ನನಗ ಬಿಡಾಕ ಆಗಲಿಲ್ಲ. ನೀನರ ಬಿಡು."

ಬಿಡಬೇಕೆಂದೇ ಎರಡು ಭಾನುವಾರ ಮನೆಯಲ್ಲಿ ಕದ ಹಾಕಿಕೊಂಡು ಕೂತಳು. ಮೂರನೆಯದಕ್ಕೆ ತಡೆಯಲಾಗಲಿಲ್ಲ. ಒಂದೇ ಒಂದು ಸಲ, ಕಡೆಯ ಮಾತು ಹೇಳಿ ಬರೋಣವೆಂದು ಹೋದಳು, ಕೂಗಿದಳು.

ಬಂದವನು ಅವಳನ್ನು ದಿಟ್ಟಿಸಿ ನೋಡಿದ.

"ಯಾರ್ರೀ ನೀವು?"

ಚೇಷ್ಟೆಯಿರಬೇಕು ಎಂದುಕೊಂಡಳು. ಹುಬ್ಬು ಏರಲಿಲ್ಲ. ಎಂದೂ ಅವಳನ್ನು 'ನೀವು' ಅಂದವನಲ್ಲ.

"ಹಿಂಗ ಯಾಕ ನೋಡಾಕತ್ತೀರಿ? ನಿಮ್ಮ ಕಣ್ಣು ಭಾಳ ಚಂದ ಅದಾವ," ಎಂದ ನಾಚುತ್ತ, ಮೊದಲ ಸಲ ನೋಡಿದವನಂತೆ. "ಮದುವಿ ಆಗೇದೇನ್ರಿ?"

"ಆಗೇದ."

"ಪುಣ್ಯವಂತ ಬಿಡ್ರಿ ಆತ."

ವಿಶಾಖಾ ಸೆರಗು ಬಾಯಿಗೊತ್ತಿಕೊಂಡಳು. "ಹೊತ್ತಾತು. ಮನಿಗೆ ಹೋಗ್ರಿ ಇನ್ನ."

"ಮನಿ ಯಾವ ಕಡಿ ಅದ?"

ಅವನನ್ನು ನುಂಗಿದ ಹೊಳೆಯ ಕಡೆ ಅವಳೇ ಕೈಮಾಡಿ ತೋರಿಸಬೇಕಾಯಿತು. ಅವನು ಅನುಮಾನಿಸಿದ. ಆಗ ಅವಳೇ ಮುಂದಾಗಿ ನೀರಿಗಿಳಿದಳು. ಮೊಣಕಾಲು, ಸೊಂಟ, ಎದೆ. ಪಕ್ಕದಲ್ಲೇ ಅವನೂ ಬಂದ, ಅಪರಿಚಿತಳ ಮಾತು ನಂಬಿ. ಅಲ್ಲೇ ಮುಳುಗಿಬಿಡೋಣ ಎನ್ನಿಸಿತು ಅವಳಿಗೆ.

"ನೀವು ನಿಲ್ರಿ, ಮುಂದ ಆಳ ಅದ," ಎಂದ ಅವನು. "ಮತ್ತ ಬರ್ತೀರಲ್ಲ?"

"ಇಲ್ರೀ. ಇನ್ನ ಬರಂಗಿಲ್ಲ."

ಅವನ ಮುಖ ಬಾಡಿತು. ಯಾಕೆಂದು ಅವನಿಗೇ ಗೊತ್ತಿರಲಿಲ್ಲ. ಇನ್ನೊಂದು ಹೆಜ್ಜೆ ಇಟ್ಟ. ನೀರು ಮುಚ್ಚಿಕೊಂಡಿತು. ಅವನ ಹೆಸರು ಅವಳ ನಾಲಿಗೆಯ ತುದಿಗೆ ಬಂದಿತ್ತು. ಹಲ್ಲು ಕಚ್ಚಿ ನಿಂತಳು.

ಉರುಕುಂದಪ್ಪ ಅವಳನ್ನು ದಂಡೆಗೆ ಎಳೆದು ತಂದ. ಮರಳಿನ ಮೇಲೆ ಬಿದ್ದು ಹೊತ್ತು ವಾಲುವವರೆಗೂ ಅತ್ತಳು. ಮುದುಕ ಬಿಸಿಲಿಗೆ ಅಡ್ಡವಾಗಿ ಕೂತಿದ್ದ.

"ಕಡೀ ಬಸ್ಸಿಗೆ ಹೊತ್ತಾತು ತಂಗೀ."

ಏಳಲಾರೆ ಅನ್ನಿಸಿತು. ಎದ್ದಳು.