ಈಶಾನನ ಎತ್ತರ

ತಿರುವಿನಲ್ಲಿ ಬೆಲ್ ಎರಡು ಸಲ ಕೇಳಿಸಿತು. ಪಂಕ್ಚರ್ ಆದ ಟ್ಯೂಬನ್ನು ನೀರಿನಲ್ಲಿ ಮುಳುಗಿಸಿ ಗುಳ್ಳೆ ಹುಡುಕುತ್ತಿದ್ದ ನಾನು ಹಾಗೇ ಕೂತುಬಿಟ್ಟೆ. ಕೊಪ್ಪದಲ್ಲಿ ನನ್ನ ಅಂಗಡಿ ಹತ್ತಿರ ಬಂದಾಗ ಹಾಗೆ ಎರಡು ಸಲ ಬೆಲ್ ಹೊಡೆಯುತ್ತಿದ್ದವನು ಒಬ್ಬನೇ, ಈಶಾನ. ಅವನು ತೀರಿಹೋಗಿ ಒಂಬತ್ತು ತಿಂಗಳಾಗಿತ್ತು.

ಬಂದದ್ದು ಅವನ ಸೈಕಲ್ಲೇ. ಅದೇ ಕಪ್ಪು ಗೇರ್ ಸೈಕಲ್. ಮೇಲೆ ಕೂತಿದ್ದವಳು ರಶ್ಮಿ, ಅವನ ಜೊತೆ ನಿಶ್ಚಿತಾರ್ಥವಾಗಿದ್ದ ಹುಡುಗಿ. ಇಳಿಯುವಾಗ ಕಾಲು ನೆಲಕ್ಕೆ ಎಟುಕದೆ ಒಂದು ಕಡೆ ವಾಲಿ, ಸೊಂಟ ಹಿಡಿದುಕೊಂಡು ನಿಂತಳು.

"ಹೆದರಿಸಿಬಿಟ್ಟೆನಾ?" ಅಂದಳು. "ಈಶಾನ ಹಾಗೇ ಹೊಡೀತಿದ್ದ. ಕೈಗೆ ಅದೇ ಬಂತು."

"ಹೆದರೋದೆಂತ," ಅಂದೆ. ಟ್ಯೂಬಿನ ನೀರು ನನ್ನ ಮಡಿಲ ಮೇಲೆಲ್ಲ ಸುರಿಯುತ್ತಿದ್ದದ್ದನ್ನು ಅವಳು ನೋಡಿದಳು. ನೋಡದವಳ ಹಾಗೆ ಮುಖ ತಿರುಗಿಸಿದಳು.

ಈಶಾನನ ತಾಯಿ ಗಂಗಾಂಬಿಕೆಯವರು ದಿನಾ ಆ ಸೈಕಲ್ಲನ್ನು ಕಣ್ಣೆದುರಿಗೆ ನೋಡಲಾರದೆ ಇವಳಿಗೆ ಕೊಟ್ಟಿದ್ದರಂತೆ. ಇವಳಿಗೆ ಕೊಪ್ಪದ ಲ್ಯಾಬಿನಲ್ಲಿ ರಕ್ತ ಪರೀಕ್ಷೆಯ ಕೆಲಸ. ಹತ್ತಿರದ ನಾರ್ವೆ ಹಳ್ಳಿಯಿಂದ ದಿನವೂ ಅದರಲ್ಲೇ ಬರುತ್ತಿದ್ದಳು.

"ಬೆನ್ನಿನ ಕೆಳಗೆ ವಿಪರೀತ ನೋವು. ಮಾತ್ರೆ ಆಯ್ತು, ಮುಲಾಮು ಆಯ್ತು. ಸೈಕಲ್ಲಲ್ಲೇ ಎಂತಾದ್ರೂ ತೊಂದ್ರೆ ಇದ್ಯಾ ನೋಡಿ."

"ತೊಂದ್ರೆ ಸೈಕಲ್ಲಲ್ಲಿಲ್ಲ ಮಾರಾಯ್ರೆ, ಅಳತೇಲಿದೆ. ಅವನು ಆರಡಿ ಆಳು. ಸೀಟು ಅವನ ಕಾಲಿಗೆ ಕೂರಿಸಿದ್ದು. ಪೆಡಲ್ ಕೆಳಗೆ ಹೋದಾಗೆಲ್ಲ ನೀವು ಸೊಂಟ ವಾಲಿಸಿ ಅದನ್ನ ಮುಟ್ಬೇಕು. ಸೀಟು ಇಳಿಸಿ ಹ್ಯಾಂಡಲ್ ಸ್ವಲ್ಪ ಹತ್ರ ತಂದ್ರೆ ನೋವು ತಾನಾಗೇ ಇಳಿಯುತ್ತೆ."

ನಾನು ಸೀಟಿನ ಬೋಲ್ಟು ಸಡಿಲಿಸಲು ಅಲೆನ್ ಕೀ ಎತ್ತಿಕೊಂಡೆ. ಅವಳು ಸೀಟಿನ ಮೇಲೆ ಕೈ ಇಟ್ಟಳು.

"ಇದನ್ನ ಮುಟ್ಬೇಡಿ. ಅವನದು ಅಂತ ಉಳಿದಿರೋದು ಈ ಎತ್ತರ ಒಂದೇ. ಗಾಳಿ ತುಂಬಿ, ಚೈನಿಗೆ ಎಣ್ಣೆ ಹಾಕಿ, ಸಾಕು."

ಅವಳು ಹೋಗುವುದನ್ನು ಹಿಂದಿನಿಂದ ನೋಡಿದೆ. ಕಸುಬಿನ ಕಣ್ಣಿನಿಂದಲೇ ನೋಡಿದೆ ಎಂದು ಬೇಕಾದರೆ ಆಣೆ ಮಾಡುತ್ತೇನೆ. ಒಂದೊಂದು ತುಳಿತಕ್ಕೂ ಸೊಂಟ ಎಡಕ್ಕೆ, ಬಲಕ್ಕೆ ಜಗ್ಗುತ್ತಿತ್ತು. ಹಾಗೆ ಜಗ್ಗಿಕೊಂಡು ನಾರ್ವೆಯ ಏರು ಹತ್ತುವವಳ ಬೆನ್ನು ರಾತ್ರಿ ಹೇಗಿರುತ್ತದೆ ಎಂದು ನನಗೆ ಗೊತ್ತು.

ಆಮೇಲೆ ಶನಿವಾರ ಶನಿವಾರ ಬರತೊಡಗಿದಳು. ಬೆಳಿಗ್ಗೆ ಗಾಳಿ, ಎಣ್ಣೆಗೆಂದು ಸೈಕಲ್ ಬಿಟ್ಟು ಲ್ಯಾಬಿಗೆ ಹೋಗಿ, ಮಧ್ಯಾಹ್ನ ತಗೊಂಡು ಹೋಗುವಳು. ಬಂದಾಗೊಮ್ಮೆ ಪಕ್ಕದ ಹೋಟೆಲಿನ ಸೀತಕ್ಕ ಎರಡು ಟೀ ಕಳಿಸುತ್ತಿದ್ದಳು, ನಾನು ಹೇಳದಿದ್ದರೂ.

"ನೀವು ಟೀ ಕುಡಿಯೋವಾಗ ಲೋಟ ನೋಡಲ್ಲ," ಅಂದಳು ರಶ್ಮಿ ಒಂದು ದಿನ.

"ಮತ್ತೆಂತ ನೋಡ್ತೀನಿ?"

"ಅದನ್ನ ನೀವೇ ಹೇಳ್ಬೇಕು, ಜಯಪ್ರಕಾಶ್." ಕಣ್ಣಂಚಿನಲ್ಲಿ ನಗು ಬಂದು, ಸೈಕಲ್ ಕಡೆ ನೋಡಿದ್ದೇ ಆರಿಹೋಯಿತು.

ಕೊಪ್ಪದ ಹೆಣ್ಣುಮಕ್ಕಳೆಲ್ಲ ನನ್ನನ್ನು ಜಯಣ್ಣ ಅನ್ನುತ್ತಾರೆ. ಇವಳು ಮಾತ್ರ ಒಂದು ದಿನವೂ ಅಣ್ಣ ಅನ್ನಲಿಲ್ಲ. ಅಂದಿದ್ದರೆ ನನ್ನ ಬದುಕು ಸುಲಭವಾಗುತ್ತಿತ್ತು.

ಅವಳ ನೋವು ನೋಡಲಾಗದೆ ನಾನೊಂದು ಕಳ್ಳ ಕೆಲಸ ಮಾಡಿದೆ. ಅವಳು ಲ್ಯಾಬಿಗೆ ಹೋದ ಮೇಲೆ ಬೋಲ್ಟು ಸಡಿಲಿಸಿ ಸೀಟನ್ನು ಒಂದು ಅಕ್ಕಿಕಾಳಿನಷ್ಟು ಇಳಿಸಿದೆ. ಮುಂದಿನ ಶನಿವಾರ ಇನ್ನೊಂದು ಅಕ್ಕಿಕಾಳು. ಮೇಲಕ್ಕೆದ್ದಿದ್ದ ಸೀಟಿನ ಮೂತಿಯನ್ನೂ ಸಮ ಮಾಡಿದೆ. ಹ್ಯಾಂಡಲ್ ಮಾತ್ರ ಮುಟ್ಟಲಿಲ್ಲ, ಸಿಕ್ಕಿಬೀಳುತ್ತಿದ್ದೆ. ಆದರೂ ಅದನ್ನು ಹತ್ತಿರ ತರುವ ಗಿಡ್ಡ ಸ್ಟೆಮ್ ಒಂದನ್ನು ಶಿವಮೊಗ್ಗದಿಂದ ತರಿಸಿ ಡ್ರಾಯರಿನಲ್ಲಿ ಇಟ್ಟುಕೊಂಡೆ.

ಬೋಲ್ಟು ತಿರುಗಿಸುವಾಗೆಲ್ಲ ಈಶಾನ ಬಾಗಿಲಲ್ಲಿ ನಿಂತ ಹಾಗೆ ಆಗುತ್ತಿತ್ತು. ನನ್ನ ಕೈಯನ್ನೇ ನೋಡುತ್ತಿದ್ದ. ಕೆರೆಕಟ್ಟೆ ಊರಿನ ಕಡೆಗೆ ಸೈಕಲ್ಲಿನಲ್ಲಿ ಹೋಗೋಣ ಬಾ ಎಂದು ಅವನನ್ನು ಕರೆದವನು ನಾನು. ಕಾಡಿನ ಅಂಚಿನಲ್ಲಿ ಒಣಗಿದೆಲೆಗಳ ಮೇಲೆ ಇಬ್ಬರೂ ಕೂತು ಬುತ್ತಿ ತಿಂದಿದ್ದೆವು. ರಕ್ತ ಹೀರುವ ಉಣುಗು ಹುಳ ಕಚ್ಚಿದ್ದು ಅವನಿಗೊಬ್ಬನಿಗೆ. ವಾರದಲ್ಲಿ ಜ್ವರ ಬಂತು. ಉಣುಗಿನಿಂದ ಹರಡುವ ಮಂಗನ ಕಾಯಿಲೆ ಎಂದು ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು. ಸತ್ತವನ ಸೀಟು ಇಳಿಸಿ ಅವನ ಹುಡುಗಿಗೆ ಟೀ ಕೊಡಿಸುವ ಗೆಳೆಯ ನಾನು ಎಂದು ನನಗೇ ಹೇಸಿಗೆಯಾಗುತ್ತಿತ್ತು. ಶನಿವಾರ ಯಾವಾಗ ಬರುತ್ತದೋ ಎಂದೂ ಅನ್ನಿಸುತ್ತಿತ್ತು.

ಆರನೇ ಶನಿವಾರ ಅವಳು ಹಗುರವಾಗಿ ಇಳಿದಳು. ಸೊಂಟ ಹಿಡಿದುಕೊಳ್ಳಲಿಲ್ಲ.

"ಒಂದು ಮಾತು ಹೇಳ್ಲಾ? ನಗ್ಬೇಡಿ," ಅಂದಳು. "ನೋವು ಕಡಿಮೆ ಆಗಿದೆ. ಸೈಕಲ್ಲು ಅದೇ, ಏರು ಅದೇ. ಈಶಾನನೇ ನನಗೆ ಜಾಗ ಮಾಡಿಕೊಟ್ಟ ಅನ್ಸುತ್ತೆ. ಅವನು ನನ್ನ ಕ್ಷಮಿಸಿದಾನೆ."

ಅವಳ ಮುಖದಲ್ಲಿ ಅಂಥ ಬೆಳಕನ್ನು ನಾನು ಅಲ್ಲಿಯವರೆಗೆ ನೋಡಿರಲಿಲ್ಲ. ಬಾಯಿ ಮುಚ್ಚಿಕೊಂಡಿದ್ದರೆ ಅದು ಹಾಗೇ ಉಳಿಯುತ್ತಿತ್ತು. ಹೇಳಿದರೆ ಅವಳು ಮತ್ತೆ ಈ ಕಡೆ ತಲೆ ಹಾಕುವುದಿಲ್ಲ. ಆದರೆ ಸತ್ತವನ ಹೆಸರಿನಲ್ಲಿ ಸುಳ್ಳು ಕ್ಷಮೆ ಕೊಡಿಸಿ ಅವಳ ಪ್ರೀತಿ ಕದಿಯುವಷ್ಟು ಕೆಟ್ಟವನು ನಾನಾಗಿರಲಿಲ್ಲ.

"ಅವನಲ್ಲ, ನಾನು," ಅಂದೆ. "ವಾರವಾರ ಸ್ವಲ್ಪ ಸ್ವಲ್ಪ ಇಳಿಸ್ತಾ ಬಂದೆ."

ಅವಳು ಸೀಟನ್ನು ನೋಡಿದಳು, ಆಮೇಲೆ ನನ್ನನ್ನು.

"ಕೇಳ್ಬಹುದಿತ್ತಲ್ಲ."

"ನಿಮ್ಮನ್ನ ಕೇಳೋದು ಅಂದ್ರೆ ಅವನನ್ನ ಕೇಳಿದ ಹಾಗೆ. ಅವನನ್ನ ಯಾವ ಮುಖ ಇಟ್ಕೊಂಡು ಕೇಳ್ಲಿ? ಕೆರೆಕಟ್ಟೆಗೆ ಕರೆದವನು ನಾನು. ಅದರ ಮೇಲೆ ನಿಮ್ಮನ್ನ..." ಮುಂದಿನದನ್ನು ಹೇಳಬೇಕಾಗಿರಲಿಲ್ಲ.

"ನೋವಿರ್ಲಿ ಅಂತ್ಲೇ ಓಡಿಸ್ತಿದ್ದೆ ನಾನು," ಅಂದಳು ಮೆಲ್ಲಗೆ. "ಮೊದಲ ಎರಡು ದಿನ ಅವನು ಫೋನ್ ಮಾಡ್ದಾಗ, ಸಾದಾ ಜ್ವರ, ಮಲ್ಕೋ ಅಂದವಳು ನಾನು. ದಿನಾ ರಕ್ತ ನೋಡೋಳು. ಆ ನೋವಾದ್ರೂ ನನ್ನ ಹತ್ರ ಇತ್ತು. ಅದನ್ನೂ ತಗೊಂಡ್ರಿ."

ಟೀ ಮುಟ್ಟದೆ ಸೈಕಲ್ ತಳ್ಳಿಕೊಂಡು ಹೋದಳು.

ಮುಂದಿನ ಶನಿವಾರ ಬರಲಿಲ್ಲ. ಅದರ ಮುಂದಿನದಕ್ಕೂ ಇಲ್ಲ. ಸೀತಕ್ಕ ಒಂದೇ ಟೀ ತಂದಿಟ್ಟು, "ಸೈಕಲ್ ರಿಪೇರಿ ಮಾಡೋಕೆ ಬರುತ್ತೆ ನಿಂಗೆ, ಬಾಯಿ ಮಾತ್ರ ರಿಪೇರಿ ಆಗಲ್ಲ ಮಾರಾಯ," ಎಂದು ಹೋದಳು. ತಿರುವಿನಲ್ಲಿ ಯಾವ ಬೆಲ್ ಕೇಳಿದರೂ ಎದ್ದು ನಿಲ್ಲುತ್ತಿದ್ದೆ. ಕಾಯುತ್ತಿದ್ದದ್ದು ಸತ್ತವನನ್ನೋ ಬದುಕಿರುವವಳನ್ನೋ ಎಂದು ಆ ದಿನಗಳಲ್ಲಿ ನನಗೇ ತಿಳಿಯುತ್ತಿರಲಿಲ್ಲ.

ಮೂರನೇ ಶನಿವಾರ ಬೆಲ್ ಇಲ್ಲದೆ ಬಂದಳು. ಸೈಕಲ್ ತಳ್ಳಿಕೊಂಡು, ಬೆವೆತು, ಸೊಂಟ ಹಿಡಿದುಕೊಂಡು. ಸೀಟು ಮೊದಲಿನ ಎತ್ತರಕ್ಕೆ ಏರಿತ್ತು.

"ನಾನೇ ಏರಿಸ್ದೆ. ಎರಡು ವಾರ ಓಡಿಸ್ದೆ," ಅಂದಳು. "ಇವತ್ತು ಅರ್ಧ ದಾರೀಲಿ ಇಳಿದು ನಿಂತೆ. ಈಶಾನ ಇದ್ದಿದ್ರೆ ನನಗೆ ಬೈತಿದ್ದ ಅನ್ನಿಸ್ತು. ನನ್ನ ಬೆನ್ನು ನೋಯಿಸೋಕೆ ಅವನು ಈ ಸೈಕಲ್ ತಗೊಂಡಿದ್ದಲ್ಲ." ಉಸಿರು ತೆಗೆದುಕೊಂಡು ಮತ್ತೆ ಅಂದಳು, "ನಿಮಗೂ ಬೈತಿದ್ದ. ಒಣಗಿದೆಲೆ ಮೇಲೆ ಇಬ್ರೂ ಕೂತಿದ್ರಿ. ಕಚ್ಚೋದು ಯಾರನ್ನ ಅಂತ ಉಣುಗಿಗೆ ನೀವು ಹೇಳಿಕೊಟ್ಟಿದ್ರಾ?"

ನನಗೆ ಅಳು ಬಂತು. ಅಂಗಡಿಯ ಬಾಗಿಲಲ್ಲೇ ಅತ್ತೆ. ಅವಳು ನನ್ನ ಕೈಯೊಳಗೆ ಅಲೆನ್ ಕೀ ಇಟ್ಟಳು. ಕೈಯನ್ನು ಕೂಡಲೇ ಹಿಂದಕ್ಕೆ ತೆಗೆದುಕೊಳ್ಳಲಿಲ್ಲ.

"ಇಳಿಸಿ. ಈ ಸಲ ನನ್ನ ಕಣ್ಣೆದುರಿಗೆ. ಅದಕ್ಕೆ ಮುಂಚೆ ಅವನ ಎತ್ತರಕ್ಕೆ ಒಂದು ಗುರುತು ಹಾಕಿ."

ಸೀಟಿನ ಕಂಬಿ ಕೊಳವೆಯೊಳಗೆ ಇಳಿಯುವ ಜಾಗದಲ್ಲಿ ಮೊಳೆಯಿಂದ ಸಣ್ಣ ಗೀರು ಎಳೆದೆ. ಬೋಲ್ಟು ಸಡಿಲಿಸಿದೆ. ಸೀಟಿನ ಮೇಲೆ ಅಂಗೈಯಿಟ್ಟು ಒತ್ತಿದವಳು ಅವಳೇ. ಗೀರು ಮೆಲ್ಲಗೆ ಕೊಳವೆಯೊಳಗೆ ಹೋಯಿತು. ಸೈಕಲ್ ಇರುವವರೆಗೂ ಅದು ಅಲ್ಲೇ ಇರುತ್ತದೆ, ಕಾಣುವುದಿಲ್ಲ ಅಷ್ಟೆ. ಅವಳು ಹತ್ತಿ ಕೂತು ಪೆಡಲಿನ ಮೇಲೆ ಹಿಮ್ಮಡಿ ಇಟ್ಟಳು. ಮೊದಲ ಸಲ ಸೊಂಟ ವಾಲದೆ ಕಾಲು ಪೂರ್ತಿ ಎಟುಕಿತು.

ಡ್ರಾಯರಿನಿಂದ ಗಿಡ್ಡ ಸ್ಟೆಮ್ ತೆಗೆದೆ.

"ಇದ್ಯಾವಾಗ ತಂದಿದ್ದು?"

"ತರಿಸಿಟ್ಟು ಎರಡು ತಿಂಗಳಾಯ್ತು."

"ಕಳ್ಳ," ಅಂದಳು. ಕಣ್ಣಂಚಿನ ಆ ನಗು ಈ ಸಲ ಸೈಕಲ್ ನೋಡಿದರೂ ಆರಲಿಲ್ಲ.

ಹೊರಡುವಾಗ ಕೇಳಿದೆ, "ಇನ್ನು ನೋವು ಬರಲ್ಲ. ಶನಿವಾರ ಬರೋಕೆ ಕಾರಣ ಇಲ್ಲ, ಅಲ್ವಾ?"

"ನೋವಿದ್ರೆ ಮಾತ್ರ ಬರ್ಬೇಕು ಅಂತ ಬೋರ್ಡ್ ಹಾಕಿದ್ದೀರಾ?"

ಹೋದಳು. ಬೆನ್ನು ನೆಟ್ಟಗಿತ್ತು, ಸೊಂಟ ಜಗ್ಗಲಿಲ್ಲ. ನಾನು ಬಾಗಿಲಲ್ಲಿ, ಈಶಾನ ನಿಲ್ಲುತ್ತಿದ್ದ ಜಾಗದಲ್ಲಿ ನಿಂತು ನೋಡಿದೆ. ತಿರುವಿನಲ್ಲಿ ಬೆಲ್ ಕೇಳಿಸಿತು. ಒಂದೇ ಸಲ.